ಸ್ತನದ ಗಡ್ಡೆಗೆ ಇಂಜೆಕ್ಷನ್, ಹೃದಯಕ್ಕೆ ಎಕೋ: ಯಾಕೆ?

ಪ್ರಶ್ನೆ: ನನ್ನ ಅಕ್ಕನಿಗೆ 39 ವರ್ಷ. ಎಡ ಸ್ತನದಲ್ಲಿ ಗಂಟು ಕಾಣಿಸಿತು. ಬಯಾಪ್ಸಿ ಮಾಡಿಸಿದಾಗ ಕ್ಯಾನ್ಸರ್ ಅಂತ ಬಂತು. ರಿಪೋರ್ಟ್‌ನಲ್ಲಿ 'ಹರ್2 ಪಾಸಿಟಿವ್, 3+' ಅಂತ ಇದೆ. ಆಪರೇಷನ್ ಆಗಿದೆ, ಕೀಮೋ ನಡೆಯುತ್ತಿದೆ. ಮುಂದೆ ಟ್ರಾಸ್ಟುಜುಮ್ಯಾಬ್ ಅನ್ನುವ ಇಂಜೆಕ್ಷನ್ ಮೂರು ವಾರಕ್ಕೊಮ್ಮೆ, ಒಂದು ವರ್ಷ ಕೊಡಬೇಕಂತೆ. ಅದಕ್ಕೆ ಮೊದಲೊಮ್ಮೆ, ಆಮೇಲೆ ಮೂರು ಮೂರು ತಿಂಗಳಿಗೆ ಹೃದಯದ ಎಕೋ ಮಾಡಿಸಬೇಕು ಅಂದರು. ಕಾಯಿಲೆ ಸ್ತನದಲ್ಲಿದ್ದರೆ ಹೃದಯಕ್ಕೇನು ಸಂಬಂಧ? ಡಾಕ್ಟರು 'ಗ್ರೋತ್ ಫ್ಯಾಕ್ಟರ್ ಸಿಗ್ನಲ್ ಜಾಸ್ತಿಯಾಗಿದೆ' ಅಂದರು. ಅದನ್ನು ಕೇಳಿ ನಮ್ಮ ದೊಡ್ಡಮ್ಮ ಹಾಲು, ಮೊಟ್ಟೆ ಎಲ್ಲ ನಿಲ್ಲಿಸಿದ್ದಾರೆ. ಬೆಳವಣಿಗೆ ಕೊಡೋ ಆಹಾರ ಗಡ್ಡೆಯನ್ನೂ ಬೆಳೆಸುತ್ತೆ ಅಂತ ಅವರ ಭಯ. ಇದು ಹುಟ್ಟಿನಿಂದ ಬಂದದ್ದಾ? ಅಕ್ಕನಿಗೆ 10 ವರ್ಷದ ಮಗಳಿದ್ದಾಳೆ. ಅವಳಿಗೂ ಬರುತ್ತಾ?
(ಓದುಗರು, ದಾವಣಗೆರೆ)

ಉತ್ತರ: ಊಟದ ವಿಷಯ ಮೊದಲು ಹೇಳಿಬಿಡುತ್ತೇನೆ, ಅದು ಇವತ್ತೇ ಸರಿಹೋಗಬೇಕು. ಅಕ್ಕನಿಗೆ ಹಾಲು, ಮೊಸರು, ಮೊಟ್ಟೆ, ಬೇಳೆ ಎಲ್ಲವನ್ನೂ ಕೊಡಿ. ಕೀಮೋ ನಡೆಯುವಾಗ ಮೈ ಸವೆಯುತ್ತದೆ, ಬಾಯಿಗೆ ರುಚಿ ಹತ್ತುವುದಿಲ್ಲ. ಅಂಥ ಹೊತ್ತಲ್ಲಿ ಇರುವ ಪೌಷ್ಟಿಕ ಆಹಾರವನ್ನೂ ತೆಗೆದುಬಿಟ್ಟರೆ ಮುಂದಿನ ಡೋಸ್ ತಡೆದುಕೊಳ್ಳುವ ಶಕ್ತಿಯೇ ಉಳಿಯುವುದಿಲ್ಲ. ಹಾಲನ್ನು ಚೆನ್ನಾಗಿ ಕಾಯಿಸಿ, ಮೊಟ್ಟೆಯನ್ನು ಪೂರ್ತಿ ಬೇಯಿಸಿ ಕೊಡಿ. ಈಗ ಸೋಂಕು ಬೇಗ ತಗಲುತ್ತದೆ, ಅದಕ್ಕೆ ಅಷ್ಟು ಎಚ್ಚರ ಸಾಕು.

ದೊಡ್ಡಮ್ಮನ ಮೇಲೆ ಬೇಸರ ಮಾಡಿಕೊಳ್ಳಬೇಡಿ. 'ಬೆಳವಣಿಗೆ' ಅನ್ನುವ ಮಾತು ಕಿವಿಗೆ ಬಿದ್ದರೆ ನಮ್ಮ ಮನೆಗಳಲ್ಲಿ ಯಾರಿಗಾದರೂ ಊಟವೇ ನೆನಪಾಗುತ್ತದೆ. ತಪ್ಪು ಅವರದಲ್ಲ, ಆ ಹೆಸರಿನದು. ಗ್ರೋತ್ ಫ್ಯಾಕ್ಟರ್ ಅನ್ನುವುದು ಗೊಬ್ಬರದಂಥ ವಸ್ತು ಅಲ್ಲ. ಅದು ಒಂದು ಜೀವಕೋಶ ಪಕ್ಕದ ಜೀವಕೋಶಕ್ಕೆ ಹೇಳುವ ಮಾತು.

ನಾನು ಕ್ಯಾನ್ಸರ್ ಡಾಕ್ಟರ್ ಅಲ್ಲ. ಭ್ರೂಣ ಹೇಗೆ ಬೆಳೆಯುತ್ತದೆ ಅನ್ನುವುದು ನನ್ನ ಓದು, ಅದನ್ನೇ ಬಹಳ ವರ್ಷ ಪಾಠ ಮಾಡಿದ್ದೇನೆ. ಯಾವ ಔಷಧ, ಎಷ್ಟು ದಿನ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಆದರೆ 'ಹೃದಯಕ್ಕೇನು ಸಂಬಂಧ' ಅಂತ ಕೇಳಿದಿರಲ್ಲ, ಆ ಪ್ರಶ್ನೆಗೆ ಉತ್ತರ ಇರುವುದು ನಮ್ಮ ಕಡೆಯೇ, ಭ್ರೂಣದಲ್ಲಿ.

ನಮ್ಮ ದೇಹದ ಜೀವಕೋಶ ತನಗೆ ತೋಚಿದಾಗ ಒಡೆದು ಎರಡಾಗುವುದಿಲ್ಲ. ಸುತ್ತಮುತ್ತಲಿನವರಿಂದ ಮಾತು ಬರಬೇಕು. ಆ ಮಾತು ಒಂದು ಸಣ್ಣ ಪ್ರೋಟೀನಿನ ರೂಪದಲ್ಲಿ ಬರುತ್ತದೆ. ಕೇಳುವ ಕೋಶದ ಮೈಮೇಲೆ ಅದಕ್ಕೆ ತಕ್ಕ ಗ್ರಾಹಕ ಇರುತ್ತದೆ, ಅದನ್ನು ಕಿವಿ ಅಂತಲೇ ಕರೆಯೋಣ. ಪ್ರೋಟೀನು ಹೊರಗಿನಿಂದ ಬಂದು ಕಿವಿಗೆ ಕೂತರೆ, ಕಿವಿಯ ಒಳತುದಿ ಎಚ್ಚರವಾಗುತ್ತದೆ. ಅಲ್ಲಿಂದ ಸುದ್ದಿ ಕೈಯಿಂದ ಕೈಗೆ ದಾಟುತ್ತಾ ಕೋಶಕೇಂದ್ರ ಮುಟ್ಟುತ್ತದೆ. ಆಗ ಕೋಶ ಒಡೆಯಬಹುದು, ಜಾಗ ಬದಲಿಸಬಹುದು, ಸ್ನಾಯುವೋ ನರವೋ ಆಗಬಹುದು, ಸುಮ್ನೆ ಬದುಕಿ ಉಳಿಯಲೂಬಹುದು. ಮಾತು ಒಂದೇ ಇದ್ದರೂ ಕೇಳುವವರು ಯಾರು, ಯಾವ ಹೊತ್ತಲ್ಲಿ ಕೇಳಿದರು ಅನ್ನುವುದರ ಮೇಲೆ ಅರ್ಥ ಬೇರೆಯಾಗುತ್ತದೆ.

ಇದಕ್ಕೆ ಸ್ತನವೇ ಒಳ್ಳೆಯ ಉದಾಹರಣೆ. ಹುಡುಗಿ ದೊಡ್ಡವಳಾಗುವ ಹೊತ್ತಿಗೆ ಅಂಡಾಶಯದಿಂದ ಈಸ್ಟ್ರೋಜನ್ ರಕ್ತಕ್ಕೆ ಬರುತ್ತದೆ. ಹಾಲಿನ ನಾಳದ ಕೆಲವು ಕೋಶಗಳು ಅದನ್ನು ಕೇಳಿಸಿಕೊಳ್ಳುತ್ತವೆ. ವಿಚಿತ್ರ ಏನು ಗೊತ್ತಾ? ಕೇಳಿಸಿಕೊಂಡ ಕೋಶವೇ ಒಡೆಯುವುದು ಕಡಿಮೆ. ಅದು ಆಂಫಿರೆಗುಲಿನ್ ಅನ್ನುವ ಗ್ರೋತ್ ಫ್ಯಾಕ್ಟರ್ ಬಿಡುಗಡೆ ಮಾಡುತ್ತದೆ. ನಾಳದ ಸುತ್ತ ಇರುವ ಇನ್ನೊಂದು ಜಾತಿಯ ಕೋಶಗಳು ಅದನ್ನು ಕೇಳುತ್ತವೆ. ಕೇಳಿ, ತಿರುಗಿ ನಾಳದ ಕಡೆಗೆ ಬೇರೊಂದು ಗ್ರೋತ್ ಫ್ಯಾಕ್ಟರ್ ಕಳಿಸುತ್ತವೆ. ಆಗಷ್ಟೇ ನಾಳದ ತುದಿ ಉದ್ದವಾಗಿ, ಕವಲೊಡೆದು, ಮರದ ಬೇರಿನಂತೆ ಹರಡುತ್ತದೆ. ಚಿಟ್ಟಿಲಿಗಳಲ್ಲಿ ಈ ಮಾತುಕತೆಯನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದ್ದಾರೆ. ಈ ಕಡೆಯವರು ಕೇಳಬೇಕು, ಆ ಕಡೆಯವರು ಒಪ್ಪಬೇಕು. ಒಂದು ಕೊಂಡಿ ತಪ್ಪಿದರೂ ನಾಳ ಬೆಳೆಯುವುದಿಲ್ಲ.

ಮಾತು ಶುರುವಾದ ಮೇಲೆ ನಿಲ್ಲಲೂಬೇಕು. ಅದಕ್ಕೂ ಏರ್ಪಾಡಿದೆ. ಕೇಳಿ ಮುಗಿಸಿದ ಕಿವಿಯನ್ನು ಕೋಶ ಒಳಕ್ಕೆ ಎಳೆದುಕೊಂಡು ಕರಗಿಸಿಬಿಡುತ್ತದೆ. ಹಣ್ಣಿನ ನೊಣದ ಕಣ್ಣಿನಲ್ಲಂತೂ ಇನ್ನೂ ಚೆಂದದ ವ್ಯವಸ್ಥೆ: ಮಾತು ಕೇಳಿದ ಕೋಶವೇ ಆರ್ಗೋಸ್ ಅನ್ನುವ ಇನ್ನೊಂದು ಪ್ರೋಟೀನನ್ನು ಹೊರಗೆ ಬಿಡುತ್ತದೆ. ಅದು ದಾರಿಯಲ್ಲೇ ಆ ಮಾತನ್ನು ಹಿಡಿದುಹಾಕುತ್ತದೆ, ದೂರದ ಕೋಶಗಳಿಗೆ ಹೋಗಲು ಬಿಡುವುದಿಲ್ಲ. ಭ್ರೂಣದ ಬೆಳವಣಿಗೆಯನ್ನು ಹತ್ತಿರದಿಂದ ನೋಡಿದವರಿಗೆ ಅದು ಬೆಳೆಯುವ ವೇಗಕ್ಕಿಂತ ನಿಲ್ಲುವ ರೀತಿಯೇ ಹೆಚ್ಚು ಅಚ್ಚರಿ ತರುತ್ತದೆ. ನಿಮ್ಮ ಎರಡು ಕೈ ಒಂದೇ ಉದ್ದಕ್ಕೆ ಬಂದು ನಿಂತವಲ್ಲ!

ಈ ಮಾತುಗಳಲ್ಲಿ ಮೊದಲನೆಯದು ಸಿಕ್ಕ ಕತೆ ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ್ದು. ಯಾಕೆಂದರೆ ಅದರಲ್ಲಿ ಭ್ರೂಣವೂ ಇದೆ, ಗಡ್ಡೆಯೂ ಇದೆ.

ಇಟಲಿಯ ಟ್ಯೂರಿನ್ ಊರಿನಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಅಂತ ಒಬ್ಬ ಡಾಕ್ಟರ್ ಇದ್ದರು. ಯಹೂದಿ ಮನೆತನದವರು. 1938ರಲ್ಲಿ ಮುಸೊಲಿನಿ ಸರ್ಕಾರ ಕಾನೂನು ತಂದು ಯಹೂದಿಗಳನ್ನು ವಿಶ್ವವಿದ್ಯಾಲಯಗಳಿಂದ ಹೊರಗೆ ಹಾಕಿತು. ಆಕೆ ತನ್ನ ಮಲಗುವ ಕೋಣೆಯಲ್ಲೇ ಪ್ರಯೋಗಾಲಯ ಮಾಡಿಕೊಂಡರು. ಕೋಳಿಮೊಟ್ಟೆ, ಒಂದು ಸೂಕ್ಷ್ಮದರ್ಶಕ, ಮಸೆದು ಚೂಪು ಮಾಡಿದ ಹೊಲಿಗೆ ಸೂಜಿಗಳು. ಯುದ್ಧದ ನಡುವೆಯೂ ಮೊಟ್ಟೆಯೊಳಗಿನ ಮರಿಯ ನರಗಳನ್ನು ನೋಡುತ್ತಾ ಕೂತರು. 1947ರಲ್ಲಿ ಭ್ರೂಣ ವಿಜ್ಞಾನಿ ವಿಕ್ಟರ್ ಹ್ಯಾಂಬರ್ಗರ್ ಕರೆಯಿಸಿಕೊಂಡ ಮೇಲೆ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋದರು.

ಅಲ್ಲಿ ಮಾಡಿದ ಪ್ರಯೋಗ ಇದು. ಇಲಿಯ ಒಂದು ಗಡ್ಡೆಯ ಚೂರನ್ನು ಕೋಳಿ ಭ್ರೂಣಕ್ಕೆ ಕಸಿ ಮಾಡಿದರೆ ಭ್ರೂಣದ ನರಗಳು ಗಡ್ಡೆಯ ಕಡೆಗೆ ನುಗ್ಗಿ ಬೆಳೆಯುತ್ತಿದ್ದವು. ಆಕೆ ಗಡ್ಡೆಯನ್ನು ಭ್ರೂಣಕ್ಕೆ ತಾಗದ ಹಾಗೆ, ಮೊಟ್ಟೆಯ ಹೊರಪದರದ ಮೇಲಿಟ್ಟು ನೋಡಿದರು. ಎರಡಕ್ಕೂ ನಡುವೆ ರಕ್ತ ಒಂದೇ ಸಂಪರ್ಕ. ಆಗಲೂ ನರಗಳು ಮಿತಿಮೀರಿ ಬೆಳೆದವು. ಅಂದರೆ ಗಡ್ಡೆಯಿಂದ ಏನೋ ಹೊರಟು ಬಂದು ಮುಟ್ಟುತ್ತಿದೆ. 1952ರಲ್ಲಿ ಗಡ್ಡೆಯಿದ್ದ ಎರಡು ಇಲಿಗಳನ್ನು ಜೊತೆಗೇ ವಿಮಾನದಲ್ಲಿ ಒಯ್ದು, ಬ್ರೆಜಿಲ್‌ನ ರಿಯೊದಲ್ಲಿ ಗಾಜಿನ ತಟ್ಟೆಯಲ್ಲಿ ಪ್ರಯೋಗ ಮಾಡಿದರು. ಗಡ್ಡೆಯ ಪಕ್ಕದಲ್ಲಿಟ್ಟ ನರದ ತುಣುಕಿನ ಸುತ್ತ ಒಂದೇ ದಿನದಲ್ಲಿ ಸೂರ್ಯನ ಕಿರಣಗಳ ಹಾಗೆ ನಾರುಗಳು ಹೊರಟವು.

ಆ 'ಏನೋ' ಯಾವುದು ಅಂತ ಹುಡುಕಲು ಜೀವರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಕೊಹೆನ್ ಜೊತೆಯಾದರು. ಗಡ್ಡೆಯ ರಸದಲ್ಲಿ ಇರುವುದು ಪ್ರೋಟೀನೋ, ಡಿಎನ್‌ಎ ಬಳಗದ ನ್ಯೂಕ್ಲಿಯಿಕ್ ಆಮ್ಲವೋ ಅಂತ ತಿಳಿಯಲು ಸ್ವಲ್ಪ ಹಾವಿನ ವಿಷ ಬೆರೆಸಿದರು. ವಿಷದಲ್ಲಿರುವ ಕಿಣ್ವ ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯುತ್ತದೆ, ಅದಕ್ಕೆ. ಆದರೆ ನರಗಳು ಮೊದಲಿಗಿಂತ ಜಾಸ್ತಿ ಬೆಳೆದವು! ವಿಷದಲ್ಲೇ ಆ ವಸ್ತು ಗಡ್ಡೆಗಿಂತ ಎಷ್ಟೋ ಹೆಚ್ಚಿತ್ತು. ಹಾವಿನ ವಿಷದ ಗ್ರಂಥಿ ಜೊಲ್ಲಿನ ಗ್ರಂಥಿಯ ಬಳಗದ್ದು, ಹಾಗಾದರೆ ಇಲಿಯ ಜೊಲ್ಲಿನ ಗ್ರಂಥಿ ನೋಡೋಣ ಅಂತ ಕೊಹೆನ್ ನೋಡಿದರು. ಅಲ್ಲೂ ಧಾರಾಳವಾಗಿತ್ತು. ಹೀಗೆ ಸಿಕ್ಕಿದ್ದು ನರಗಳ ಗ್ರೋತ್ ಫ್ಯಾಕ್ಟರ್.

ಕೊಹೆನ್ ಆ ಜೊಲ್ಲುಗ್ರಂಥಿಯ ರಸವನ್ನು ಎಳೆ ಇಲಿಮರಿಗಳಿಗೆ ಚುಚ್ಚಿದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಎರಡು ವಾರದ ಹೊತ್ತಿಗೆ ಕಣ್ಣು ಬಿಡಬೇಕಾದ ಮರಿಗಳು ಏಳನೇ ದಿನಕ್ಕೇ ಬಿಟ್ಟವು. ಹಲ್ಲೂ ಬೇಗ ಮೂಡಿತು. ನರದ ವಸ್ತುವಿನಿಂದ ಇದು ಆಗುವಂತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದರೇನೋ. ಇವರು ಹಿಡಿದುಕೊಂಡು ಹೋದರು. 1962ರಲ್ಲಿ ಚರ್ಮದ ಹೊರಪದರವನ್ನು ಬೆಳೆಸುವ ಆ ವಸ್ತುವನ್ನು ಬೇರ್ಪಡಿಸಿ ವಿವರಿಸಿದರು. ಇವತ್ತು ಅದನ್ನು ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಚಿಕ್ಕದಾಗಿ ಇಜಿಎಫ್ ಅನ್ನುತ್ತೇವೆ. 53 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. 1986ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂತು. ಲೆವಿ-ಮೊಂಟಾಲ್ಚಿನಿ 103 ವರ್ಷ ಬಾಳಿ 2012ರಲ್ಲಿ ತೀರಿಕೊಂಡರು.

ಈ ಕತೆಯನ್ನು ಇಷ್ಟು ಉದ್ದಕ್ಕೆ ಹೇಳಿದ್ದಕ್ಕೆ ಕಾರಣ ಇದೆ. ಇಜಿಎಫ್‌ಗೆ ಕೋಶದ ಮೇಲೆ ಒಂದು ಕಿವಿ ಇದೆ. ಆ ಕಿವಿಯ ತಂಗಿಯೇ ನಿಮ್ಮಕ್ಕನ ರಿಪೋರ್ಟ್‌ನಲ್ಲಿರುವ ಹರ್2. ಈ ಕುಟುಂಬದಲ್ಲಿ ಒಟ್ಟು ನಾಲ್ಕು ಜನ: ಹರ್1ರಿಂದ ಹರ್4ರ ತನಕ. ಮಾತು ಕೇಳಿದಾಗ ಇಬ್ಬಿಬ್ಬರು ಜೋಡಿಯಾಗುತ್ತಾರೆ, ಜೋಡಿಯಾದರಷ್ಟೇ ಸುದ್ದಿ ಒಳಗೆ ಹೋಗುತ್ತದೆ.

ಹರ್2 ಈ ಮನೆಯ ವಿಚಿತ್ರ ಮಗಳು. ಅವಳಿಗೆ ತನ್ನದೇ ಅಂತ ಒಂದು ಗ್ರೋತ್ ಫ್ಯಾಕ್ಟರ್ ಇಲ್ಲ. ಹೊರಗಿನಿಂದ ಯಾವುದೂ ಬಂದು ಅವಳ ಮೇಲೆ ಕೂರುವುದಿಲ್ಲ. ಆದರೆ ಯಾವಾಗಲೂ ಕೈ ಚಾಚಿಕೊಂಡೇ ಇರುತ್ತಾಳೆ, ಪಕ್ಕದಲ್ಲಿ ಯಾರು ಸಿಕ್ಕರೂ ಜೋಡಿಯಾಗಲು ತಯಾರು. ಅವಳಿಗೆ ಹೆಚ್ಚು ಇಷ್ಟದ ಜೋಡಿ ಹರ್3. ಹರ್3 ಮಾತು ಕೇಳುತ್ತದೆ, ಆದರೆ ಅದನ್ನು ಒಳಗೆ ಮುಟ್ಟಿಸುವ ಶಕ್ತಿ ಅದಕ್ಕೆ ಇಲ್ಲದಷ್ಟು ಕಡಿಮೆ. ಹರ್2ಗೆ ಕೇಳಿಸುವುದಿಲ್ಲ, ಮುಟ್ಟಿಸುವ ಶಕ್ತಿ ಬೇಕಾದಷ್ಟಿದೆ. ಕುರುಡನ ಹೆಗಲ ಮೇಲೆ ಕುಂಟ ಕೂತು ದಾರಿ ಸಾಗಿದ ಹಳೇ ಕತೆ ಇದೆಯಲ್ಲ, ಹಾಗೆ.

ದೊಡ್ಡಮ್ಮನಿಗೆ ಹೇಳಬೇಕಾದದ್ದು ಇಲ್ಲೇ ಇದೆ. ಹಾಲಿನಿಂದಲೋ ಮೊಟ್ಟೆಯಿಂದಲೋ ಏನೋ ಬಂದು ಹರ್2 ಮೇಲೆ ಕೂತು ಅದನ್ನು ಎಬ್ಬಿಸುವ ಪ್ರಶ್ನೆಯೇ ಇಲ್ಲ. ತಿಂದ ಪ್ರೋಟೀನು ಹೊಟ್ಟೆಯಲ್ಲಿ, ಕರುಳಿನಲ್ಲಿ ಒಡೆದು ಚೂರಾಗುತ್ತದೆ. ಅಕ್ಕನ ಗಡ್ಡೆಯಲ್ಲಿ ಆಗಿರುವ ಎಡವಟ್ಟು ಊಟದ ತಟ್ಟೆಯಿಂದ ಬಂದದ್ದಲ್ಲ. ಅದು ಕೋಶದೊಳಗೆ, 17ನೇ ವರ್ಣತಂತುವಿನಲ್ಲಿ (ಕ್ರೋಮೋಸೋಮ್) ಆದದ್ದು.

ಹರ್2 ಜೀನ್ ಇರುವುದು ಆ ವರ್ಣತಂತುವಿನಲ್ಲಿ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿ ಇರಬೇಕು. ಕೆಲವು ಗಡ್ಡೆಗಳಲ್ಲಿ ಆ ಜಾಗ ಮಾತ್ರ ಮತ್ತೆ ಮತ್ತೆ ನಕಲಾಗಿ ಹತ್ತು, ಇಪ್ಪತ್ತು, ಅದಕ್ಕಿಂತಲೂ ಹೆಚ್ಚು ಪ್ರತಿಗಳಾಗಿಬಿಡುತ್ತವೆ. ಸಾಮಾನ್ಯ ಸ್ತನದ ಕೋಶದ ಮೇಲೆ ಸುಮಾರು 20 ಸಾವಿರ ಹರ್2 ಇದ್ದರೆ, ಇಂಥ ಕೋಶದ ಮೇಲೆ 20 ಲಕ್ಷದವರೆಗೂ ಇರಬಹುದು. ಅಷ್ಟು ಇಕ್ಕಟ್ಟಿನಲ್ಲಿ ಯಾರೂ ಮಾತಾಡದೆಯೇ ಪಕ್ಕಪಕ್ಕದವು ಜೋಡಿಯಾಗುತ್ತವೆ. ಹೊರಗೆ ಮೌನ, ಆದರೆ ಕೋಶದೊಳಗೆ 'ಒಡೆ, ಒಡೆ' ಅನ್ನುವ ಸುದ್ದಿ ಹಗಲೂ ರಾತ್ರಿ. ಅದರ ಮೇಲೆ, ಬೇರೆ ಕಿವಿಗಳ ಹಾಗೆ ಹರ್2 ಬೇಗ ಒಳಕ್ಕೆ ಹೋಗಿ ಕರಗುವುದೂ ಇಲ್ಲ. ನಿಲ್ಲಿಸುವ ಏರ್ಪಾಡಿಗೂ ಅದು ಸುಲಭಕ್ಕೆ ಸಿಗುವುದಿಲ್ಲ.

ರಿಪೋರ್ಟ್‌ನಲ್ಲಿರುವ 3+ ಇದೇ. ಗಡ್ಡೆಯ ತೆಳು ಪದರಕ್ಕೆ ಹರ್2 ಹಿಡಿಯುವ ಬಣ್ಣ ಹಾಕುತ್ತಾರೆ. ಪ್ರತಿ ಕೋಶದ ಸುತ್ತ ಕಂದು ಗೆರೆ ದಪ್ಪಗೆ, ಪೂರ್ತಿಯಾಗಿ, ಜೇನುಹುಟ್ಟಿನ ಮನೆಗಳ ಹಾಗೆ ಕಂಡರೆ 3+. ಗೆರೆ ಇಲ್ಲದಿದ್ದರೆ ಸೊನ್ನೆ. 2+ ಬಂದರೆ ಅನುಮಾನ, ಆಗ ಫಿಶ್ ಅನ್ನುವ ಇನ್ನೊಂದು ಪರೀಕ್ಷೆಯಲ್ಲಿ ಜೀನಿನ ಪ್ರತಿಗಳನ್ನೇ ಎಣಿಸುತ್ತಾರೆ. ಈಗಿನ ಲೆಕ್ಕದಲ್ಲಿ ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತು ಹರ್2 ಪಾಸಿಟಿವ್ ಇರುತ್ತವೆ.

ಇದರ ಜಾಡು ಹಿಡಿದವರಲ್ಲಿ ನಮ್ಮ ದೇಶದವರೊಬ್ಬರೂ ಇದ್ದಾರೆ. ಮುಂಬೈಯಿಂದ ಅಮೆರಿಕಕ್ಕೆ, ಕ್ಯಾನ್ಸರ್ ವಿಜ್ಞಾನಿ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯಕ್ಕೆ ಹೋಗಿದ್ದ ಲಕ್ಷ್ಮೀಚರಣ ಪಾಢಿ. ಇಲಿಯ ನರದ ಗಡ್ಡೆಯಿಂದ ಬಂದ ಕ್ಯಾನ್ಸರ್ ಜೀನ್ ಕೋಶದಲ್ಲಿ ಒಂದು ಪ್ರೋಟೀನನ್ನು ಕಾಣಿಸುತ್ತದೆ ಅಂತ ಅವರೂ ಜೊತೆಗಾರರೂ 1982ರಲ್ಲಿ ತೋರಿಸಿದರು. ಆ ಪ್ರೋಟೀನು ಇರುವುದು ಕೋಶದ ಮೇಲ್ಮೈಯಲ್ಲಿ, ಅದು ಸಣ್ಣ ಮಾತಲ್ಲ. ಕೋಶದ ಒಳಗಿರುವುದನ್ನು ಹಿಡಿಯುವುದು ಕಷ್ಟ, ಹೊರಗಿರುವುದನ್ನು ರಕ್ತದಿಂದಲೇ ಮುಟ್ಟಬಹುದು. ಮನುಷ್ಯರಲ್ಲಿ ಅದೇ ಜೀನ್ ಹರ್2 ಅನ್ನುವ ಹೆಸರಲ್ಲಿ 1985ರ ಹೊತ್ತಿಗೆ ಸಿಕ್ಕಿತು. 1987ರಲ್ಲಿ ಡೆನ್ನಿಸ್ ಸ್ಲಾಮನ್ ತಂಡ 189 ಸ್ತನ ಗಡ್ಡೆಗಳನ್ನು ಪರೀಕ್ಷಿಸಿತು. ಸುಮಾರು ನೂರಕ್ಕೆ ಮೂವತ್ತರಲ್ಲಿ ಈ ಜೀನಿನ ಪ್ರತಿಗಳು ಹೆಚ್ಚಿದ್ದವು. ಆ ಹೆಂಗಸರಲ್ಲಿ ಕಾಯಿಲೆ ಬೇಗ ಮರಳುತ್ತಿತ್ತು ಅನ್ನುವುದೂ ಆಗಲೇ ಗೊತ್ತಾಯಿತು.

ಟ್ರಾಸ್ಟುಜುಮ್ಯಾಬ್ ಆ ಮೇಲ್ಮೈಯ ಹರ್2ಗೆ ಅಂಟಿಕೊಳ್ಳುವ ಆಂಟಿಬಾಡಿ. ಅಂಟಿಕೊಂಡು ಜೋಡಿಯ ಕೆಲಸ ಕೆಡಿಸುತ್ತದೆ. ಜೊತೆಗೆ 'ಇಲ್ಲಿದೆ ನೋಡಿ' ಅಂತ ರೋಗನಿರೋಧಕ ಕೋಶಗಳನ್ನೂ ಕರೆಯುತ್ತದೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಆಪರೇಷನ್ ಆದವರಿಗೆ ಕೀಮೋ ಜೊತೆ ಇದನ್ನೂ ಕೊಟ್ಟರೆ ಕಾಯಿಲೆ ಮರಳುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅಂತ 2005ರಲ್ಲಿ ದೊಡ್ಡ ಪ್ರಯೋಗಗಳು ತೋರಿಸಿದವು. ಒಂದು ಕಾಲಕ್ಕೆ 'ಹರ್2 ಪಾಸಿಟಿವ್' ಅಂದರೆ ಕೆಟ್ಟ ಸುದ್ದಿಯಾಗಿತ್ತು. ಈಗ ಅದು 'ಗುರಿ ಇದೆ, ಅದಕ್ಕೆ ಬಾಣವೂ ಇದೆ' ಅನ್ನುವ ಸುದ್ದಿ. ಅಕ್ಕನಿಗೆ ಇದನ್ನು ದಯವಿಟ್ಟು ಹೇಳಿ. ಬೆಲೆ ಬಹಳ ಕಾಲ ದೊಡ್ಡ ಅಡ್ಡಿಯಾಗಿತ್ತು. ಬೆಂಗಳೂರಿನ ಬಯೋಕಾನ್ ಕಂಪನಿ ಅದಕ್ಕೆ ಸಮನಾದ ಔಷಧವನ್ನು 2014ರಲ್ಲಿ ಇಲ್ಲಿ ಮಾರುಕಟ್ಟೆಗೆ ತಂದಿತು. ಅದೇ ಔಷಧಕ್ಕೆ 2017ರಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿತು. ಇಂಥವನ್ನು ಬಯೋಸಿಮಿಲರ್ ಅನ್ನುತ್ತಾರೆ. ಡಾಕ್ಟರು ಅದನ್ನೇ ಬರೆದುಕೊಟ್ಟರೆ 'ಕಡಿಮೆ ಬೆಲೆಯದು, ಕಡಿಮೆ ದರ್ಜೆಯದು' ಅಂತ ಅನುಮಾನ ಬೇಡ.

ಈಗ ಹೃದಯಕ್ಕೆ ಬರುತ್ತೇನೆ.

ಪಾಠ ಮಾಡುವಾಗ ನಾನು ವಿದ್ಯಾರ್ಥಿಗಳಿಗೆ ಕಾವು ಕೊಟ್ಟ ಮೊಟ್ಟೆಯ ಚಿಪ್ಪನ್ನು ಮೂರನೇ ದಿನ ಒಂದು ಕಿಟಕಿಯಷ್ಟು ತೆಗೆದು ತೋರಿಸುತ್ತಿದ್ದೆ. ಹಳದಿಯ ಮೇಲೆ ಒಂದು ಕೆಂಪು ಚುಕ್ಕೆ ಬಡಿಯುತ್ತಿರುತ್ತದೆ. ಕಣ್ಣು, ರೆಕ್ಕೆ, ಕಾಲು ಇನ್ನೂ ಸರಿಯಾಗಿ ಮೂಡಿರುವುದಿಲ್ಲ, ಹೃದಯ ಆಗಲೇ ಕೆಲಸ ಶುರು ಮಾಡಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಆ ಹೊತ್ತಿಗೆ ಹೃದಯ ಒಂದು ತೆಳು ಕೊಳವೆ. ಒಳಗಡೆ ಒಂದು ಪದರ, ಹೊರಗಡೆ ಸ್ನಾಯುವಿನ ಪದರ. ಆ ತೆಳು ಗೋಡೆಯಿಂದ ಬೆಳೆಯುವ ಮೈಗೆಲ್ಲ ರಕ್ತ ತಳ್ಳಲಾಗುವುದಿಲ್ಲ. ಹಾಗಾಗಿ ಗೋಡೆಯ ಒಳಬದಿಯಲ್ಲಿ ಸ್ನಾಯುವಿನ ಏಣುಗಳು ಏಳಬೇಕು. ಹೃದಯದ ಬಲ ಅಲ್ಲಿಂದ ಶುರು.

ಆ ಏಣುಗಳು ಏಳಲು ಮಾತುಕತೆ ಬೇಕು. ಒಳಪದರದ ಕೋಶಗಳು ನ್ಯೂರೆಗುಲಿನ್ ಅನ್ನುವ ಗ್ರೋತ್ ಫ್ಯಾಕ್ಟರ್ ಕಳಿಸುತ್ತವೆ. ಸ್ನಾಯುವಿನ ಕೋಶಗಳು ಅದನ್ನು ಹರ್4ರಿಂದ ಕೇಳುತ್ತವೆ. ಹರ್4ರ ಜೋಡಿ ಯಾರು? ನಮ್ಮ ಹರ್2.

1995ರಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ, ಒಂದರ ಹಿಂದೊಂದರಂತೆ ಮೂರು ವರದಿಗಳು ಬಂದವು. ಒಂದು ತಂಡ ಇಲಿಯಲ್ಲಿ ನ್ಯೂರೆಗುಲಿನ್ ಜೀನ್ ಕೆಡಿಸಿತ್ತು, ಇನ್ನೊಂದು ಹರ್4, ಮತ್ತೊಂದು ಹರ್2. ಮೂರೂ ಕಡೆ ಆದದ್ದು ಒಂದೇ. ಗರ್ಭದ ಹತ್ತು ಹನ್ನೊಂದನೇ ದಿನಕ್ಕೆ ಭ್ರೂಣ ಸತ್ತುಹೋಗುತ್ತಿತ್ತು. ತೆರೆದು ನೋಡಿದರೆ ಹೃದಯದ ಗೋಡೆ ಒಳಗಡೆ ನುಣ್ಣಗಿತ್ತು, ಏಣುಗಳೇ ಎದ್ದಿರಲಿಲ್ಲ. ಹೇಳುವವರು ಇಲ್ಲದಿದ್ದರೂ, ಕೇಳುವವರು ಇಲ್ಲದಿದ್ದರೂ, ಜೋಡಿ ಇಲ್ಲದಿದ್ದರೂ ಹೃದಯ ಕಟ್ಟುವ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಸರಿ, ಅದು ಭ್ರೂಣದ ಮಾತಾಯಿತು. ಅಕ್ಕನ ಹೃದಯ ಕಟ್ಟಿ ಮುಗಿದು 39 ವರ್ಷವಾಯಿತಲ್ಲ ಅಂತ ಕೇಳಬಹುದು. 2002ರಲ್ಲಿ ಅದಕ್ಕೂ ಉತ್ತರ ಬಂತು. ಹೃದಯದ ಸ್ನಾಯುವಿನಲ್ಲಿ ಮಾತ್ರ ಹರ್2 ಇಲ್ಲದಂತೆ ಇಲಿಗಳನ್ನು ಬೆಳೆಸಿದರು. ಅವು ಹುಟ್ಟಿದವು, ಮೊದಮೊದಲು ಚೆನ್ನಾಗಿಯೇ ಇದ್ದವು. ದೊಡ್ಡವಾದ ಮೇಲೆ ಹೃದಯ ಹಿಗ್ಗಿ ಸೋತಿತು. ಅಂದರೆ ಬೆಳೆದ ಹೃದಯದಲ್ಲೂ ಆ ಮಾತು ಮೆಲ್ಲಗೆ ನಡೆಯುತ್ತಲೇ ಇರುತ್ತದೆ. ಭ್ರೂಣದಲ್ಲಿ ಅದರ ಅರ್ಥ 'ಕಟ್ಟು'. ನಮ್ಮ ವಯಸ್ಸಿನಲ್ಲಿ ಅದರ ಅರ್ಥ 'ತಾಳಿಕೋ, ರಿಪೇರಿ ಮಾಡಿಕೋ'. ಆ ಇಲಿಗಳ ಹೃದಯದ ಕೋಶಗಳು ಆಂಥ್ರಾಸೈಕ್ಲಿನ್ ಗುಂಪಿನ ಕೀಮೋ ಔಷಧಕ್ಕೆ ಬೇಗ ಸಾಯುತ್ತಿದ್ದವು ಅನ್ನುವುದನ್ನೂ ಗಮನಿಸಿದರು. ಆಸ್ಪತ್ರೆಯಲ್ಲಿ ಕೆಂಪು ಬಣ್ಣದ ಡ್ರಿಪ್ ಹಾಕುತ್ತಾರಲ್ಲ, ಡಾಕ್ಸೊರುಬಿಸಿನ್, ಅದು ಆ ಗುಂಪಿನದು.

ಟ್ರಾಸ್ಟುಜುಮ್ಯಾಬ್‌ಗೆ ಸ್ತನದ ಹರ್2 ಯಾವುದು, ಹೃದಯದ ಹರ್2 ಯಾವುದು ಅಂತ ಗೊತ್ತಾಗುವುದಿಲ್ಲ. ಎರಡೂ ಒಂದೇ ಜೀನಿನಿಂದ ಬಂದವು. ಗಡ್ಡೆಯಲ್ಲಿ ಲೆಕ್ಕವಿಲ್ಲದಷ್ಟಿವೆ, ಹೃದಯದಲ್ಲಿ ಸ್ವಲ್ಪವೇ ಇವೆ. ಆದರೆ ಆ ಸ್ವಲ್ಪಕ್ಕೂ ಔಷಧ ಅಂಟುತ್ತದೆ. ಹೃದಯದ ದುರಸ್ತಿ ಮಾತು ನಿಂತಿರುವ ಹೊತ್ತಲ್ಲೇ ಕೆಂಪು ಕೀಮೋ ಕೂಡ ಬಿದ್ದರೆ ಪೆಟ್ಟು ಎರಡು ಪಾಲು. 469 ಹೆಂಗಸರ ಮೇಲೆ ನಡೆದ ಮೊದಲ ದೊಡ್ಡ ಪ್ರಯೋಗದಲ್ಲಿ ಇದು ಕಹಿಯಾಗಿ ಗೊತ್ತಾಯಿತು. ಆಂಥ್ರಾಸೈಕ್ಲಿನ್ ಇರುವ ಕೀಮೋ ಮಾತ್ರ ಪಡೆದವರಲ್ಲಿ ನೂರಕ್ಕೆ 8 ಜನರಿಗೆ ಹೃದಯದ ತೊಂದರೆ ಕಂಡಿತ್ತು. ಅದರ ಜೊತೆಗೇ ಟ್ರಾಸ್ಟುಜುಮ್ಯಾಬ್ ಪಡೆದವರಲ್ಲಿ ಅದು 27ಕ್ಕೆ ಏರಿತು.

ಆ 27 ನೋಡಿ ಹೆದರಬೇಡಿ. ಅದರಿಂದ ಪಾಠ ಕಲಿತೇ ಈಗ ಎರಡನ್ನೂ ಸಾಮಾನ್ಯವಾಗಿ ಒಟ್ಟಿಗೆ ಕೊಡುವುದಿಲ್ಲ. ಕೆಂಪು ಔಷಧ ಮುಗಿದ ಮೇಲೆ ಇದನ್ನು ಶುರು ಮಾಡುತ್ತಾರೆ, ಇಲ್ಲವೇ ಕೆಂಪು ಔಷಧ ಇಲ್ಲದ ಕೀಮೋ ಆರಿಸುತ್ತಾರೆ. ಹೀಗೆ ಕೊಟ್ಟಾಗ ಹೃದಯ ನಿಜವಾಗಿ ಸೋಲುವುದು ನೂರರಲ್ಲಿ ಕೆಲವರಿಗೆ ಮಾತ್ರ. ಇನ್ನೊಂದು ಸಮಾಧಾನದ ಸಂಗತಿ ಇದೆ. ಕೆಂಪು ಔಷಧ ಹೃದಯದ ಕೋಶವನ್ನೇ ಕೊಲ್ಲಬಹುದು. ಇದು ಹಾಗಲ್ಲ, ಕೋಶವನ್ನು ಮಂಕು ಮಾಡುತ್ತದೆ. ಹೆಚ್ಚಿನವರಲ್ಲಿ ಇಂಜೆಕ್ಷನ್ ಸ್ವಲ್ಪ ಕಾಲ ನಿಲ್ಲಿಸಿದರೆ ಹೃದಯ ಚೇತರಿಸಿಕೊಳ್ಳುತ್ತದೆ. ಚೇತರಿಸಿಕೊಂಡ ಮೇಲೆ ಬಹಳ ಜನರಿಗೆ ಮತ್ತೆ ಶುರು ಮಾಡಲೂ ಆಗುತ್ತದೆ. ಆದರೆ ಬೇಗ ಗೊತ್ತಾಗಬೇಕು. ಉಬ್ಬಸ ಬರುವುದಕ್ಕೂ ಮೊದಲೇ ಎಕೋದಲ್ಲಿ ಕಾಣುತ್ತದೆ, ಅದಕ್ಕೇ ಮೂರು ತಿಂಗಳಿಗೊಮ್ಮೆ.

ಎಕೋ ರಿಪೋರ್ಟ್‌ನಲ್ಲಿ 'ಇಎಫ್' ಅಂತ ಒಂದು ಸಂಖ್ಯೆ ಇರುತ್ತದೆ. ಎಡ ಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ನೂರಕ್ಕೆ ಎಷ್ಟು ಹೊರಗೆ ಹೋಯಿತು ಅನ್ನುವ ಲೆಕ್ಕ. 55ರ ಮೇಲಿದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಡಾಕ್ಟರು ನೋಡುವುದು ಒಂದು ಸಂಖ್ಯೆಯನ್ನಲ್ಲ, ಇಳಿತವನ್ನು. ಮೊದಲಿಗಿಂತ 10 ಅಥವಾ ಹೆಚ್ಚು ಇಳಿದು 50ಕ್ಕಿಂತ ಕೆಳಗೆ ಬಂದರೆ ಸಾಮಾನ್ಯವಾಗಿ ಇಂಜೆಕ್ಷನ್ ತಡೆದು, ಕೆಲವು ವಾರ ಬಿಟ್ಟು ಮತ್ತೆ ನೋಡುತ್ತಾರೆ. ಹಾಗಾಗಿ ಇಂಜೆಕ್ಷನ್ ಶುರುವಾಗುವ ಮೊದಲಿನ ಎಕೋ ತುಂಬಾ ಮುಖ್ಯ. ಆ ಕಾಗದವನ್ನು ಜೋಪಾನ ಮಾಡಿ. ಸಾಧ್ಯವಾದರೆ ಪ್ರತಿ ಸಲ ಒಂದೇ ಕಡೆ ಮಾಡಿಸಿ, ಹಳೆಯದನ್ನೂ ಜೊತೆಗೆ ಒಯ್ಯಿರಿ. ನಡುವೆ ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ, ಕಾಲು ಊದಿಕೊಂಡರೆ, ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುವಂತಾದರೆ ಮುಂದಿನ ಎಕೋ ತಾರೀಕಿಗೆ ಕಾಯಬೇಡಿ. ಅವತ್ತೇ ಫೋನ್ ಮಾಡಿ. 'ಕೀಮೋ ಸುಸ್ತು ಇರಬಹುದು' ಅಂತ ನಮ್ಮ ಹೆಂಗಸರು ನುಂಗಿಕೊಂಡು ಮನೆಗೆಲಸ ಮಾಡುತ್ತಾರೆ. ಅಕ್ಕ ಹಾಗೆ ಮಾಡದ ಹಾಗೆ ನೀವು ನೋಡಿಕೊಳ್ಳಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು, ಅಕ್ಕನಿಗೆ ಇನ್ನೂ 39. ಈ ಇಂಜೆಕ್ಷನ್ ನಡೆಯುವಾಗ ಗರ್ಭ ನಿಲ್ಲಬಾರದು. ಮುಗಿದ ಮೇಲೂ 7 ತಿಂಗಳು ನಿಲ್ಲಬಾರದು. ಹೊಟ್ಟೆಯಲ್ಲಿರುವ ಮಗುವಿನ ಮೂತ್ರಪಿಂಡ ಬೆಳೆಯುವಾಗಲೂ ಹರ್2 ಕೆಲಸದಲ್ಲಿರುತ್ತದೆ. ಔಷಧ ಅಲ್ಲಿಗೆ ತಲುಪಿದರೆ ಮಗುವಿನ ಸುತ್ತಲಿನ ನೀರು ಕಡಿಮೆಯಾಗುತ್ತದೆ, ನೀರು ಕಡಿಮೆಯಾದರೆ ಮಗುವಿನ ಶ್ವಾಸಕೋಶ ಬೆಳೆಯುವುದಿಲ್ಲ. ಕೀಮೋದಲ್ಲಿ ಮುಟ್ಟು ನಿಂತಿದೆ ಅಂತ ನಂಬಿ ಕೂರುವುದು ಅಪಾಯ. ಗರ್ಭ ತಡೆಯಲು ಯಾವ ವಿಧಾನ ಸರಿ ಅಂತ ಡಾಕ್ಟರನ್ನೇ ಕೇಳಿ. ಗರ್ಭ ತಡೆಯುವ ಹಾರ್ಮೋನ್ ಗುಳಿಗೆಯನ್ನು ಸ್ವಂತಕ್ಕೆ ತೆಗೆದುಕೊಳ್ಳಬಾರದು.

ಇನ್ನು ಮಗಳು. ಹರ್2 ಪ್ರತಿಗಳು ಹೆಚ್ಚಾಗಿದ್ದು ಅಕ್ಕನ ಸ್ತನದ ಯಾವುದೋ ಒಂದು ಕೋಶದಲ್ಲಿ, ಅವಳು ದೊಡ್ಡವಳಾದ ಮೇಲೆ. ಅವಳ ರಕ್ತದಲ್ಲಿ, ಚರ್ಮದಲ್ಲಿ, ಅಂಡಾಣುವಿನಲ್ಲಿ ಅದು ಎರಡೇ ಇದೆ. ಹಾಗಾಗಿ ಅದು ಹುಟ್ಟಿನಿಂದ ಬಂದದ್ದಲ್ಲ, ಮಗಳಿಗೆ ದಾಟುವುದೂ ಇಲ್ಲ. ಆದರೆ 50 ವರ್ಷಕ್ಕೂ ಮೊದಲೇ ಸ್ತನ ಕ್ಯಾನ್ಸರ್ ಬಂದಾಗ ಕೇಳಬೇಕಾದ ಬೇರೆ ಪ್ರಶ್ನೆ ಒಂದಿದೆ. ಬಿಆರ್‌ಸಿಎ1, ಬಿಆರ್‌ಸಿಎ2 ಅನ್ನುವ ಜೀನ್‌ಗಳ ದೋಷ ಮನೆತನದಲ್ಲಿ ಹರಿದು ಬರುತ್ತದೆ. ಅವು ಹರ್2ಗಿಂತ ಬೇರೆಯೇ, ಡಿಎನ್‌ಎ ದುರಸ್ತಿ ಮಾಡುವ ಜೀನ್‌ಗಳು. ಅದರ ರಕ್ತಪರೀಕ್ಷೆ ಅಕ್ಕನಿಗೆ ಬೇಕೇ ಅಂತ ಡಾಕ್ಟರನ್ನು ಕೇಳಿ. ಪರೀಕ್ಷೆ ಶುರುವಾಗಬೇಕಾದದ್ದು ಅಕ್ಕನಿಂದ. ದೋಷ ಸಿಕ್ಕರೆ ಆಮೇಲೆ ಒಡಹುಟ್ಟಿದವರು, ನೀವು ಗಂಡಸಾದರೂ ಹೆಂಗಸಾದರೂ, ಮಾಡಿಸಿಕೊಳ್ಳುವ ಮಾತು. 10 ವರ್ಷದ ಮಗುವಿಗೆ ಈಗ ಯಾವ ಪರೀಕ್ಷೆಯೂ ಬೇಡ.

ಅವಳ ವಿಷಯದಲ್ಲಿ ಬೇರೊಂದು ಎಚ್ಚರ ಬೇಕು. ಇವತ್ತೋ ನಾಳೆಯೋ ಅವಳ ಮೊಲೆತೊಟ್ಟಿನ ಕೆಳಗೆ ಒಂದು ಗಟ್ಟಿ ಗಂಟು ಕಾಣಿಸುತ್ತದೆ. ಎಷ್ಟೋ ಸಲ ಮೊದಲು ಒಂದೇ ಬದಿಯಲ್ಲಿ ಬರುತ್ತದೆ, ಮುಟ್ಟಿದರೆ ನೋಯುತ್ತದೆ. ಈಗಷ್ಟೇ ಇಷ್ಟೆಲ್ಲ ಅನುಭವಿಸಿದ ಮನೆಯಲ್ಲಿ ಅದನ್ನು ನೋಡಿದರೆ ಎಲ್ಲರ ಎದೆ ಧಸಕ್ಕೆನ್ನುತ್ತದೆ. ಅದು ಮೊಲೆಯ ಮೊಗ್ಗು. ಮೇಲೆ ಹೇಳಿದೆನಲ್ಲ, ನಾಳದ ಕೋಶವೂ ಸುತ್ತಲಿನ ಕೋಶವೂ ಮಾತಾಡಿಕೊಂಡು ಬೆಳೆಯುತ್ತವೆ ಅಂತ, ಆ ಮಾತುಕತೆ ಅಲ್ಲಿ ಶುರುವಾಗಿರುತ್ತದೆ. ಇನ್ನೊಂದು ಬದಿಯಲ್ಲೂ ಕೆಲವು ತಿಂಗಳಲ್ಲಿ ಬರುತ್ತದೆ. ಅನುಮಾನ ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಆದರೆ ಭಯಕ್ಕೆ ಬಿದ್ದು ಅದನ್ನು ಕತ್ತರಿಸಿ ತೆಗೆಸಬೇಡಿ. ಮುಂದೆ ಬೆಳೆಯಬೇಕಾದ ಸ್ತನ ಪೂರ್ತಿ ಆ ಮೊಗ್ಗಿನೊಳಗೇ ಇರುತ್ತದೆ. ಅದನ್ನು ತೆಗೆದರೆ ಆ ಬದಿಯಲ್ಲಿ ಸ್ತನ ಬೆಳೆಯುವುದೇ ಇಲ್ಲ.